ಮುಂಗುಸಿಗೂ ಒಬ್ಬ ವಕೀಲನಿದ್ದಿದ್ದರೆ...

ಪಂಚತಂತ್ರದ ಮುಂಗುಸಿಯ ಕಥೆಯನ್ನು ಕೇಳದೆ ಬೆಳೆದ ಮಕ್ಕಳು ಕನ್ನಡನಾಡಿನಲ್ಲಿ ವಿರಳ. ತೊಟ್ಟಿಲಲ್ಲಿ ಮಲಗಿದ ಕೂಸನ್ನು ಸಾಕಿದ ಮುಂಗುಸಿಯ ಕಾವಲಿಗೆ ಬಿಟ್ಟು ತಾಯಿ ನೀರಿಗೆ ಹೋಗುತ್ತಾಳೆ. ಹಿಂತಿರುಗಿದಾಗ ಬಾಗಿಲಲ್ಲೇ ಎದುರಾದ ಮುಂಗುಸಿಯ ಬಾಯಿ ರಕ್ತಮಯ. ಕೂಸನ್ನು ಕೊಂದೇಬಿಟ್ಟಿತೆಂದು ಬಗೆದು, ತುಂಬಿದ ಕೊಡವನ್ನು ಅದರ ಮೇಲೆ ಎತ್ತಿಹಾಕುತ್ತಾಳೆ. ಒಳಗೆ ಹೋಗಿ ನೋಡಿದರೆ ಮಗು ಕೈಕಾಲು ಆಡಿಸುತ್ತಾ ನಗುತ್ತಿದೆ. ತೊಟ್ಟಿಲ ಕೆಳಗೆ ತುಂಡುತುಂಡಾದ ಹಾವು ಬಿದ್ದಿದೆ. ‘ದುಡುಕಬಾರದು ಮಗೂ’ ಎಂದು ಹೇಳಿ ಅಜ್ಜಿಯರು ಕಥೆ ಮುಗಿಸುತ್ತಾರೆ.

ಈ ಕಥೆಯನ್ನು ನ್ಯಾಯಾಲಯದ ಕಣ್ಣಿನಿಂದಲೂ ನೋಡಬಹುದು. ಮುಂಗುಸಿಯ ಮೇಲೆ ಆರೋಪವಿತ್ತು. ಬಾಯಿಯ ರಕ್ತವೆಂಬ ಸಾಕ್ಷ್ಯವಿತ್ತು. ತೀರ್ಪೂ ಆಯಿತು, ಶಿಕ್ಷೆಯೂ ಆಯಿತು. ‘ಸ್ವಲ್ಪ ತಡೆಯಮ್ಮಾ, ಮೊದಲು ಒಳಗೆ ಹೋಗಿ ತೊಟ್ಟಿಲು ನೋಡೋಣ’ ಎನ್ನುವ ಒಂದು ದನಿ ಮಾತ್ರ ಅಲ್ಲಿರಲಿಲ್ಲ. ಆರೋಪಿ ಪರ ವಕೀಲನೆಂದರೆ ಆ ದನಿ.

‘ತಪ್ಪು ಮಾಡಿದವನ ಪರವಾಗಿ ವಕೀಲರು ಏಕೆ ವಾದಿಸುತ್ತಾರೆ?’ ಎಂದು ಮಕ್ಕಳು ಕೇಳುವುದುಂಟು. ‘ಅದು ಅವರ ಹೊಟ್ಟೆಪಾಡು’ ಎಂದು ಹೇಳಿ ಜಾರಿಕೊಳ್ಳುವ ಹಿರಿಯರೇ ಹೆಚ್ಚು. ಇದಕ್ಕಿಂತ ಒಳ್ಳೆಯ ಉತ್ತರವೊಂದು ಅಮೆರಿಕದ ಒಂದು ಪತ್ತೇದಾರಿ ಕಾದಂಬರಿಯಲ್ಲಿದೆ. ಅದನ್ನು ಓದುಗರಿಗೆ ತಲುಪಿಸುವುದು ಒಂದು ನಾಯಿ ಎಂಬುದೇ ಅದರ ಸೊಗಸು.

ಕಕ್ಷಿದಾರನ ಹೆಸರು ಯೋಗಿ

ಕಾದಂಬರಿಯ ಹೆಸರು ‘ಪ್ಲೇ ಡೆಡ್’. ಸಾಕುನಾಯಿಗೆ ‘ಸತ್ತಂತೆ ಬಿದ್ದುಕೋ’ ಎಂದು ಹೇಳಿ ಆಟವಾಡಿಸುವಾಗ ಬಳಸುವ ಮಾತು ಅದು. ಬರೆದವರು ಡೇವಿಡ್ ರೋಸೆನ್‌ಫೆಲ್ಟ್, ಪ್ರಕಟವಾದದ್ದು 2007ರಲ್ಲಿ. 2002ರ ‘ಓಪನ್ ಅಂಡ್ ಷಟ್’ ಕಾದಂಬರಿಯಿಂದ ಶುರುವಾದ ಈ ಮಾಲೆಯಲ್ಲಿ ಈವರೆಗೆ ಬಂದಿರುವ ಪುಸ್ತಕಗಳು ಮೂವತ್ತಕ್ಕೆ ಕಡಿಮೆಯಿಲ್ಲ. ಎಲ್ಲಕ್ಕೂ ನಾಯಕ ಒಬ್ಬನೇ: ನ್ಯೂಜೆರ್ಸಿ ರಾಜ್ಯದ ಪ್ಯಾಟರ್ಸನ್ ಪಟ್ಟಣದ ವಕೀಲ ಆಂಡಿ ಕಾರ್ಪೆಂಟರ್.

ಆಂಡಿ ವೀರಾಧಿವೀರನೇನೂ ಅಲ್ಲ. ಸೋಮಾರಿ, ಮಾತಿನ ಮಲ್ಲ, ಹೊಡೆದಾಟವೆಂದರೆ ದೂರ ಓಡುವವನು. ತಂದೆಯಿಂದ ಅವನಿಗೆ 2 ಕೋಟಿ 20 ಲಕ್ಷ ಡಾಲರು ಬಂದಿದೆ. ಹಾಗಾಗಿ ಹೊಸ ಮೊಕದ್ದಮೆಯೆಂದರೆ ಅವನಿಗೆ ಮೈಭಾರ. ಅವನ ಕಚೇರಿಯ ಸಹಾಯಕಿ ಎಡ್ನಾಳಿಗೆ ಕಡತಗಳಿಗಿಂತ ಪದಬಂಧದ ಮೇಲೆ ಹೆಚ್ಚು ಪ್ರೀತಿ. ಜೊತೆಯ ವಕೀಲ ಕೆವಿನ್ ಬಟ್ಟೆ ಒಗೆಯುವ ಯಂತ್ರಗಳ ಅಂಗಡಿ ಇಟ್ಟುಕೊಂಡು, ಬಟ್ಟೆ ತಂದವರಿಗೆ ಕಾನೂನು ಸಲಹೆಯನ್ನು ಪುಕ್ಕಟೆಯಾಗಿ ಕೊಡುವ ಆಸಾಮಿ. ಈ ಎಲ್ಲರ ನಡುವೆ ಆಂಡಿಯ ಪ್ರಾಣವೆಂದರೆ ತಾರಾ ಎಂಬ ಗೋಲ್ಡನ್ ರಿಟ್ರೀವರ್ ನಾಯಿ. ಬೆಳಿಗ್ಗೆ ತಾರಾಳನ್ನು ತಿರುಗಾಡಿಸುತ್ತಾ ನಡೆಯುವಾಗಲೇ ಅವನಿಗೆ ಮೊಕದ್ದಮೆಯ ಸಿಕ್ಕುಗಳು ಬಿಡಿಸಿಕೊಳ್ಳುವುದು.

ಇಂಥವನು ಒಮ್ಮೆ ನಾಯಿಗಳ ಆಶ್ರಯಧಾಮದಲ್ಲಿ ಇನ್ನೊಂದು ಗೋಲ್ಡನ್ ರಿಟ್ರೀವರನ್ನು ನೋಡುತ್ತಾನೆ. ಹೆಸರು ಯೋಗಿ. ಅದು ತನ್ನ ಯಜಮಾನನನ್ನು ಕಚ್ಚಿದೆ, ಆದ್ದರಿಂದ ಅದನ್ನು ಕೊಲ್ಲಬೇಕೆಂದು ಆದೇಶವಾಗಿದೆ. ಕಚ್ಚಿದ್ದು ನಿಜವೇ. ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಆದರೆ ಏಕೆ ಕಚ್ಚಿತು? ಯಜಮಾನ ಆ ನಾಯಿಯನ್ನು ಹಿಂಸಿಸುತ್ತಿದ್ದ. ಇದನ್ನು ಹಿಡಿದುಕೊಂಡು ಆಂಡಿ ಒಂದು ನಾಯಿಯ ಪರವಾಗಿ ನ್ಯಾಯಾಲಯದ ಮೆಟ್ಟಿಲು ಹತ್ತುತ್ತಾನೆ. ಊರು ನಗುತ್ತದೆ, ಟಿ.ವಿ. ಕ್ಯಾಮೆರಾಗಳು ಮುತ್ತಿಕೊಳ್ಳುತ್ತವೆ, ನಾಯಿಯ ಜೀವ ಉಳಿಯುತ್ತದೆ.

ನಗು ಬಂದರೂ ಈ ಪ್ರಸಂಗದಲ್ಲಿ ವಕೀಲಿ ವೃತ್ತಿಯ ಮೊದಲ ಪಾಠವಿದೆ. ‘ನನ್ನ ಕಕ್ಷಿದಾರ ಮಾಡಿಯೇ ಇಲ್ಲ’ ಎಂದು ಹೇಳುವುದಷ್ಟೇ ವಕೀಲನ ಕೆಲಸವೆಂದು ಹಲವರು ತಿಳಿದಿದ್ದಾರೆ. ನಡೆದದ್ದನ್ನು ಒಪ್ಪಿಕೊಂಡೇ, ಅದರ ಹಿಂದುಮುಂದನ್ನು ನ್ಯಾಯಾಧೀಶರ ಮುಂದೆ ಇಡುವುದೂ ಅವನ ಕೆಲಸ. ಯೋಗಿಯ ಬಾಯಿಯಲ್ಲಿದ್ದ ರಕ್ತವನ್ನು ಎಲ್ಲರೂ ಕಂಡಿದ್ದರು. ತೊಟ್ಟಿಲ ಕೆಳಗೆ ಬಗ್ಗಿ ನೋಡಿದವನು ಆಂಡಿ ಒಬ್ಬನೇ.

ಅಮೆರಿಕದ ನ್ಯಾಯಾಲಯಗಳಿಗೆ ನಾಯಿಯ ಮೊಕದ್ದಮೆ ಹೊಸದೇನಲ್ಲ. 1869ರಲ್ಲಿ ಮಿಸ್ಸೌರಿ ರಾಜ್ಯದಲ್ಲಿ ಡ್ರಮ್ ಎಂಬ ಬೇಟೆನಾಯಿಯನ್ನು ಗುಂಡಿಟ್ಟು ಕೊಂದರು. ಅದರ ಯಜಮಾನ ಪರಿಹಾರ ಕೇಳಿ ದಾವೆ ಹೂಡಿದ. 1870ರಲ್ಲಿ ವಾರೆನ್ಸ್‌ಬರ್ಗ್ ಪಟ್ಟಣದಲ್ಲಿ ಅವನ ಪರವಾಗಿ ವಾದಿಸಿದ ಜಾರ್ಜ್ ವೆಸ್ಟ್ ಎಂಬ ವಕೀಲರು ಕೊನೆಯಲ್ಲಿ ನಾಯಿಯ ನಿಷ್ಠೆಯನ್ನು ಕುರಿತು ಮಾಡಿದ ಭಾಷಣ ಇಂದಿಗೂ ಪ್ರಸಿದ್ಧ. ಮುಂದೆ ಅವರು ಅಮೆರಿಕದ ಸೆನೆಟ್ ಸದಸ್ಯರೂ ಆದರು. ಯಜಮಾನನಿಗೆ ದೊರೆತ ಪರಿಹಾರ 50 ಡಾಲರು. ಕಾನೂನಿನ ಲೆಕ್ಕದಲ್ಲಿ ನಾಯಿಯೆಂದರೆ ಮೇಜು ಕುರ್ಚಿಗಳಂತೆ ಒಂದು ಸ್ವತ್ತು. ಆ ಲೆಕ್ಕಕ್ಕೆ ಸಿಗದ ಏನೋ ಒಂದಿದೆ ಎಂದು ವೆಸ್ಟ್ ಅವರು ಜ್ಯೂರಿಗೆ ಮನಗಾಣಿಸಿದ್ದರು. ರೋಸೆನ್‌ಫೆಲ್ಟ್ ಅವರ ಆಂಡಿ ಅದೇ ದಾರಿಯಲ್ಲಿ ನಡೆದವನು.

ಸತ್ತ ಸಾಕ್ಷಿ ಬದುಕಿ ಬಂದಾಗ

ಯೋಗಿಯ ಬಿಡುಗಡೆಯೊಂದಿಗೆ ಕಥೆ ಮುಗಿಯಲಿಲ್ಲ. ನಿಜವಾದ ಕಥೆ ಶುರುವಾಗುವುದೇ ಅಲ್ಲಿಂದ. ಈ ನಾಯಿ ತನ್ನ ಅಣ್ಣ ರಿಚರ್ಡನದು, ಇದರ ನಿಜವಾದ ಹೆಸರು ರೆಜ್ಜಿ ಎಂದು ಹೇಳಿಕೊಂಡು ಒಬ್ಬ ಹೆಣ್ಣುಮಗಳು ಬರುತ್ತಾಳೆ. ರಿಚರ್ಡ್ ಇವಾನ್ಸ್ ಸುಂಕದ ಇಲಾಖೆಯ ಅಧಿಕಾರಿಯಾಗಿದ್ದವನು. ಐದು ವರ್ಷಗಳ ಹಿಂದೆ, ದೋಣಿಯಲ್ಲಿ ಹೋಗಿದ್ದಾಗ ತಾನು ಮದುವೆಯಾಗಲಿದ್ದ ಹುಡುಗಿಯನ್ನು ಕೊಂದನೆಂದು ಅವನಿಗೆ ಶಿಕ್ಷೆಯಾಗಿದೆ. ಆಗ ದೋಣಿಯಲ್ಲಿ ರೆಜ್ಜಿಯೂ ಇತ್ತು. ಅದೂ ಸಮುದ್ರದ ಪಾಲಾಯಿತೆಂದು ಎಲ್ಲರೂ ನಂಬಿದ್ದರು.

ಸಮುದ್ರದಲ್ಲಿ ಮುಳುಗಿ ಸತ್ತ ನಾಯಿ ಪ್ಯಾಟರ್ಸನ್ನಿನ ಆಶ್ರಯಧಾಮದಲ್ಲಿ ಬಾಲ ಅಲ್ಲಾಡಿಸುತ್ತಿರುವುದು ಹೇಗೆ? ದೋಣಿಯಲ್ಲಿ ಬೇರೆ ಯಾರೂ ಇರಲಿಲ್ಲ ಎನ್ನುವುದು ಸರ್ಕಾರಿ ವಕೀಲರ ವಾದದ ತಳಪಾಯ. ನಾಯಿ ಬದುಕಿದ್ದರೆ ಅದನ್ನು ದಡಕ್ಕೆ ತಂದವರು ಯಾರೋ ಇರಬೇಕಲ್ಲ? ಒಂದು ಮೂಕಪ್ರಾಣಿ ಬದುಕಿದೆ ಎಂಬಷ್ಟರಿಂದಲೇ, ಐದು ವರ್ಷ ಗಟ್ಟಿಯಾಗಿ ನಿಂತಿದ್ದ ತೀರ್ಪು ಅಲುಗಾಡತೊಡಗುತ್ತದೆ. ಆದರೆ ಅದೇ ನಾಯಿ ಇದು ಎಂದು ನ್ಯಾಯಾಲಯಕ್ಕೆ ನಂಬಿಕೆ ಹುಟ್ಟುವುದು ಹೇಗೆ? ಮುಂದಿನ ಕಥೆಯನ್ನು ಓದುಗರೇ ಓದಿ ತಿಳಿಯುವುದು ಚೆಂದ.

ಪತ್ತೇದಾರಿ ಸಾಹಿತ್ಯ ಬಲ್ಲವರಿಗೆ ಇಲ್ಲಿ ಷರ್ಲಾಕ್ ಹೋಮ್ಸ್ ನೆನಪಾಗದಿರದು. 1892ರಲ್ಲಿ ಪ್ರಕಟವಾದ ‘ಸಿಲ್ವರ್ ಬ್ಲೇಜ್’ ಕಥೆಯಲ್ಲಿ ಕುದುರೆ ಕಳುವಾದ ರಾತ್ರಿ ಲಾಯದ ನಾಯಿ ಬೊಗಳಲೇ ಇಲ್ಲ. ಹಾಗಾದರೆ ಬಂದವನು ಅದಕ್ಕೆ ಪರಿಚಿತನೇ ಇರಬೇಕೆಂದು ಹೋಮ್ಸ್ ತರ್ಕಿಸುತ್ತಾನೆ. ಅಲ್ಲಿ ನಾಯಿಯ ಮೌನವೇ ಸಾಕ್ಷಿ, ಇಲ್ಲಿ ನಾಯಿಯ ಉಸಿರೇ ಸಾಕ್ಷಿ. ಎರಡೂ ಕಡೆ ಎಲ್ಲರ ಕಣ್ಣೆದುರಿಗೇ ಇದ್ದುದನ್ನು ಒಬ್ಬ ಮಾತ್ರ ನಿಂತು ನೋಡಿದ. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ಕನ್ನಡದ ಗಾದೆ ಹೇಳುವುದೂ ಇದನ್ನೇ.

ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಪಠ್ಯಪುಸ್ತಕದ ನಡುವೆ ಅಡಗಿಸಿಟ್ಟು ಓದಿದ ತಲೆಮಾರೇ ಕರ್ನಾಟಕದಲ್ಲಿತ್ತು. ಸಿಕ್ಕಿಬಿದ್ದರೆ ಮನೆಯಲ್ಲಿ ಬೈಗುಳ ತಪ್ಪುತ್ತಿರಲಿಲ್ಲ. ಆದರೆ ಸಿಕ್ಕ ಮೊದಲ ಉತ್ತರವನ್ನೇ ನಂಬದೆ ಕೊನೆಯ ಪುಟದವರೆಗೆ ಸಂಶಯವನ್ನು ಕಾಯ್ದುಕೊಳ್ಳುವ ಅಭ್ಯಾಸವನ್ನು ಆ ಪುಸ್ತಕಗಳೇ ಎಷ್ಟೋ ಮಂದಿಗೆ ಕಲಿಸಿರಬೇಕು. ಗಣಿತದ ಮೇಷ್ಟರು, ವಿಜ್ಞಾನದ ಮೇಷ್ಟರು ಹೇಳಿಕೊಡುವ ಗುಣವೂ ಅದೇ ತಾನೆ?

ಕಾದಂಬರಿಯ ಊರು, ನಿಜದ ಊರು

ಮಾಲೆಯ ಮೊದಲ ಪುಸ್ತಕ ‘ಓಪನ್ ಅಂಡ್ ಷಟ್’ನಲ್ಲಿ ಇನ್ನೂ ಕಟುವಾದ ಸನ್ನಿವೇಶವಿದೆ. ವಿಲ್ಲಿ ಮಿಲ್ಲರ್ ಎಂಬವನು ಕೊಲೆಯ ಆರೋಪದ ಮೇಲೆ ಮರಣದಂಡನೆಗೆ ಕಾಯುತ್ತಿದ್ದಾನೆ. ಅವನಿಗೆ ಶಿಕ್ಷೆ ಕೊಡಿಸಿದ ಸರ್ಕಾರಿ ವಕೀಲ ಬೇರಾರೂ ಅಲ್ಲ, ಆಂಡಿಯ ತಂದೆ. ಆ ತಂದೆಯೇ ಒಂದು ದಿನ ಮಗನನ್ನು ಕರೆದು, ವಿಲ್ಲಿಯ ಮೇಲ್ಮನವಿಯನ್ನು ನೀನು ನಡೆಸು ಎನ್ನುತ್ತಾನೆ. ಸ್ವಲ್ಪದರಲ್ಲೇ ತಂದೆ ತೀರಿಕೊಳ್ಳುತ್ತಾನೆ. ಗೌರವದಿಂದ ಬಾಳಿದ ತಂದೆಯ ಕೆಲಸವನ್ನೇ ಮಗ ಕೆದಕಬೇಕು. ಕೆದಕದಿದ್ದರೆ ಒಬ್ಬನ ಪ್ರಾಣ ಹೋಗುತ್ತದೆ. ಕಡೆಗೆ ವಿಲ್ಲಿ ಬಿಡುಗಡೆಯಾಗುತ್ತಾನೆ. ಮುಂದಿನ ಪುಸ್ತಕಗಳಲ್ಲಿ ಅವನು ಆಂಡಿಯ ಆಪ್ತಮಿತ್ರ, ಅನಾಥ ನಾಯಿಗಳನ್ನು ಕಾಪಾಡುವ ಸಂಸ್ಥೆಯ ಜೊತೆಗಾರ.

ಇದೆಲ್ಲ ಬರೀ ಕಟ್ಟುಕಥೆ ಎನ್ನುವವರು ಪ್ಯಾಟರ್ಸನ್ ಪಟ್ಟಣದ ನಿಜವಾದ ಇತಿಹಾಸವನ್ನು ಗಮನಿಸಬೇಕು. 1966ರ ಜೂನ್ ತಿಂಗಳ ಒಂದು ರಾತ್ರಿ ಅಲ್ಲಿನ ಪಾನಗೃಹವೊಂದರಲ್ಲಿ ಮೂವರ ಕೊಲೆಯಾಯಿತು. ‘ಹರಿಕೇನ್’ ಎಂದೇ ಹೆಸರಾಗಿದ್ದ ಕಪ್ಪು ಜನಾಂಗದ ಮುಷ್ಟಿಕಾಳಗದ ಪಟು ರೂಬಿನ್ ಕಾರ್ಟರ್ ಮತ್ತು ಅವರ ಜೊತೆಗಿದ್ದ ಜಾನ್ ಆರ್ಟಿಸ್ ಅವರನ್ನು ಆರೋಪಿಗಳನ್ನಾಗಿ ಮಾಡಲಾಯಿತು. 1967ರಲ್ಲಿ ಇಬ್ಬರಿಗೂ ಜೀವಾವಧಿ ಶಿಕ್ಷೆಯಾಯಿತು. 1976ರಲ್ಲಿ ಮರುವಿಚಾರಣೆ ನಡೆದು ಮತ್ತೆ ಶಿಕ್ಷೆಯೇ ಆಯಿತು. ಕೊನೆಗೆ 1985ರಲ್ಲಿ ಫೆಡರಲ್ ನ್ಯಾಯಾಧೀಶ ಲೀ ಸರೋಕಿನ್ ಅವರು ಆ ತೀರ್ಪನ್ನು ರದ್ದುಪಡಿಸಿದರು. ಸರ್ಕಾರದ ಕಡೆಯವರು ಪುರಾವೆಗಿಂತ ಜನಾಂಗದ್ವೇಷವನ್ನು ನೆಚ್ಚಿದ್ದರು, ಆರೋಪಿಗಳಿಗೆ ಕೊಡಬೇಕಾಗಿದ್ದ ಮಾಹಿತಿಯನ್ನು ಮುಚ್ಚಿಟ್ಟಿದ್ದರು ಎಂಬುದು ಅವರ ತೀರ್ಮಾನದ ತಿರುಳು. 1988ರಲ್ಲಿ ಮೊಕದ್ದಮೆಯನ್ನೇ ಕೈಬಿಡಲಾಯಿತು. ಕಾರ್ಟರ್ ಮುಂದೆ ಕೆನಡಾದಲ್ಲಿ ನೆಲೆಸಿ, ತಪ್ಪು ತೀರ್ಪಿಗೆ ಗುರಿಯಾದವರ ಪರವಾಗಿ ದುಡಿದು 2014ರಲ್ಲಿ ತೀರಿಕೊಂಡರು. ಜೈಲಿನಲ್ಲಿ ಕಳೆದ ಯೌವನವನ್ನು ಹಿಂದಕ್ಕೆ ಕೊಡುವ ಕಾನೂನು ಯಾವ ದೇಶದಲ್ಲೂ ಇಲ್ಲ.

ರೋಸೆನ್‌ಫೆಲ್ಟ್ ಅವರೂ ಇದೇ ಪ್ಯಾಟರ್ಸನ್ನಿನವರು. ತಮ್ಮ ವಕೀಲನಿಗೆ ಅವರು ಕೊಟ್ಟ ಊರು ಇಂಥ ಕಥೆಯನ್ನು ಕಣ್ಣಾರೆ ಕಂಡ ಊರು.

ಪಂಜರದ ಒಳಗಿನವರು

ರೋಸೆನ್‌ಫೆಲ್ಟ್ ವಕೀಲರಲ್ಲ. ಹಾಲಿವುಡ್ಡಿನ ಟ್ರೈಸ್ಟಾರ್ ಚಿತ್ರಸಂಸ್ಥೆಯಲ್ಲಿ ಮಾರಾಟ ವಿಭಾಗದ ಮುಖ್ಯಸ್ಥರಾಗಿದ್ದವರು. ಕಾದಂಬರಿಯ ತಾರಾ ಮಾತ್ರ ನಿಜವಾದ ನಾಯಿ. ಅವರ ಪತ್ನಿ ಡೆಬ್ಬಿ ಸಾಕಿದ್ದ ಗೋಲ್ಡನ್ ರಿಟ್ರೀವರ್ ಅದು. ಅದು ಸತ್ತ ನಂತರ ದಂಪತಿ ಅದರ ಹೆಸರಿನಲ್ಲಿ ‘ತಾರಾ ಫೌಂಡೇಷನ್’ ಸ್ಥಾಪಿಸಿ ಸಾವಿರಾರು ನಾಯಿಗಳಿಗೆ ಮನೆ ಹುಡುಕಿಕೊಟ್ಟರು. ಮುಪ್ಪಾದ, ರೋಗ ಹಿಡಿದ, ಯಾರಿಗೂ ಬೇಡವಾದ ದೊಡ್ಡ ನಾಯಿಗಳನ್ನು ತಾವೇ ಇಟ್ಟುಕೊಂಡರು. ಕ್ಯಾಲಿಫೋರ್ನಿಯಾ ಬಿಟ್ಟು ದೇಶದ ಇನ್ನೊಂದು ತುದಿಯ ಮೇನ್ ರಾಜ್ಯಕ್ಕೆ ಮನೆ ಬದಲಿಸುವಾಗ 25 ನಾಯಿಗಳು, 11 ಸ್ವಯಂಸೇವಕರು, 3 ದೊಡ್ಡ ವಾಹನಗಳು! ಆ ಪ್ರಯಾಣದ ಪಡಿಪಾಟಲನ್ನು ಅವರು 2013ರ ‘ಡಾಗ್‌ಟ್ರಿಪ್ಪಿಂಗ್’ ಪುಸ್ತಕದಲ್ಲಿ ಬರೆದಿದ್ದಾರೆ.

ನಾಯಿಪ್ರೇಮಕ್ಕೂ ಆರೋಪಿ ಪರ ವಕೀಲಿಗೂ ಏನು ಸಂಬಂಧವೆಂದು ಕೇಳಬಹುದು. ಆಶ್ರಯಧಾಮದ ಪಂಜರದಲ್ಲಿರುವ ನಾಯಿಯನ್ನು ಒಮ್ಮೆ ಕಲ್ಪಿಸಿಕೊಳ್ಳಿ. ಅದಕ್ಕೆ ಮಾತು ಬಾರದು. ತಾನು ಅಲ್ಲಿಗೆ ಬಂದದ್ದು ಹೇಗೆಂದು ಹೇಳಲಾರದು. ಹೊರಗಿನವರು ಬಾಗಿಲಿಗೆ ತೂಗುಹಾಕಿದ ಚೀಟಿಯನ್ನು ಓದಿ, ‘ಕಚ್ಚುವ ನಾಯಿ’ ಎಂದುಕೊಂಡು ಮುಂದೆ ಹೋಗುತ್ತಾರೆ. ಈಗ ಜೈಲಿನಲ್ಲಿರುವ ಬಡ ಆರೋಪಿಯನ್ನು ಕಲ್ಪಿಸಿಕೊಳ್ಳಿ. ಅವನಿಗೆ ಮಾತು ಬರುತ್ತದೆ, ಆದರೆ ಕಾನೂನಿನ ಭಾಷೆ ಬಾರದು. ಅವನಿಗೂ ಒಂದು ಚೀಟಿ ಅಂಟಿದೆ. ಚೀಟಿಯಾಚೆಗೆ ನೋಡುವ ಒಬ್ಬ ಇಬ್ಬರಿಗೂ ಬೇಕು. ನಾಯಿಯನ್ನು ಕಂಡರೆ ಓದುಗನ ಮನಸ್ಸು ಬೇಗ ಕರಗುತ್ತದೆ, ಮನುಷ್ಯನನ್ನು ಕಂಡರೆ ಅಷ್ಟು ಬೇಗ ಕರಗುವುದಿಲ್ಲ. ರೋಸೆನ್‌ಫೆಲ್ಟ್ ಜಾಣತನದಿಂದ ಮೊದಲು ನಾಯಿಯ ಪರ ನಿಲ್ಲಿಸಿ, ಅಲ್ಲಿಂದ ಮೆಲ್ಲಗೆ ರಿಚರ್ಡನ ಪರ ನಿಲ್ಲಿಸಿಬಿಡುತ್ತಾರೆ.

ಫೀಸು ಕೊಡುವವರು ಯಾರು?

ಹೊಗಳಿಕೆಯಷ್ಟೇ ಸಾಲದು. ಈ ಮಾಲೆಯಲ್ಲಿ ಕುಂದುಗಳೂ ಇವೆ. ನಾಲ್ಕಾರು ಪುಸ್ತಕ ಓದಿದವರಿಗೆ ಕಥೆಯ ಅಚ್ಚು ಪರಿಚಿತವಾಗಿಬಿಡುತ್ತದೆ. ಆಂಡಿಯ ಗೆಳೆಯನೊಬ್ಬ ಕಂಪ್ಯೂಟರಿನಲ್ಲಿ ಯಾರ್ಯಾರದೋ ದಾಖಲೆಗಳಿಗೆ ಕಳ್ಳಕಿಂಡಿ ಕೊರೆದು ಮಾಹಿತಿ ತರುತ್ತಾನೆ. ಅದು ಕಥೆಗೆ ಅನುಕೂಲವೇ ಹೊರತು ಕಾನೂನಿಗೆ ಒಪ್ಪುವಂಥದ್ದಲ್ಲ. ಎಲ್ಲಕ್ಕಿಂತ ದೊಡ್ಡ ಅನುಕೂಲವೆಂದರೆ ನಾಯಕನ ಹಣ. ಎರಡು ಕೋಟಿ ಡಾಲರು ಗಂಟಿದ್ದವನು ಫೀಸಿಲ್ಲದೆ ವಾದಿಸಬಲ್ಲ. ನಿಜಜೀವನದ ಬಡ ಆರೋಪಿಗೆ ಅಂಥ ವಕೀಲ ಎಲ್ಲಿಂದ ಸಿಗಬೇಕು?

ಆ ಪ್ರಶ್ನೆಗೆ ಅಮೆರಿಕದಲ್ಲಿ ಉತ್ತರ ತಂದುಕೊಟ್ಟವನು ಒಬ್ಬ ಕೈದಿ. ಫ್ಲಾರಿಡಾದ ಕ್ಲಾರೆನ್ಸ್ ಗಿಡಿಯನ್ ಹೆಚ್ಚು ಓದಿದವನಲ್ಲ. 1961ರಲ್ಲಿ ಒಂದು ಆಟದ ಅಂಗಡಿಗೆ ಕನ್ನ ಹಾಕಿದನೆಂಬ ಆರೋಪ ಅವನ ಮೇಲೆ ಬಂತು. ವಕೀಲನನ್ನು ಕೊಡಿ ಎಂದು ಕೇಳಿದರೆ ನ್ಯಾಯಾಲಯ ಒಪ್ಪಲಿಲ್ಲ. ತಾನೇ ವಾದಿಸಿ ಸೋತು ಐದು ವರ್ಷದ ಶಿಕ್ಷೆಗೆ ಗುರಿಯಾದ. ಜೈಲಿನಲ್ಲಿ ಕುಳಿತು ಪೆನ್ಸಿಲಿನಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಬರೆದ. ಗಂಭೀರ ಅಪರಾಧದ ಆರೋಪ ಹೊತ್ತ ಬಡವನಿಗೆ ಸರ್ಕಾರವೇ ವಕೀಲನನ್ನು ಒದಗಿಸಬೇಕೆಂದು 1963ರ ಮಾರ್ಚ್‌ನಲ್ಲಿ ತೀರ್ಪು ಬಂತು. ಅದೇ ವರ್ಷ ವಕೀಲನ ನೆರವಿನಿಂದ ನಡೆದ ಮರುವಿಚಾರಣೆಯಲ್ಲಿ ಗಿಡಿಯನ್ ನಿರ್ದೋಷಿಯೆಂದು ಹೊರಬಂದ. ಆರೋಪ ಅದೇ, ಆರೋಪಿಯೂ ಅವನೇ. ಎರಡನೆಯ ಸಲ ಅವನ ಪಕ್ಕದಲ್ಲಿ ಒಬ್ಬ ವಕೀಲನಿದ್ದ.

ಭಾರತದ ಸಂವಿಧಾನದ 22ನೆಯ ವಿಧಿ ಬಂಧಿತನಿಗೆ ತನ್ನ ಆಯ್ಕೆಯ ವಕೀಲನನ್ನು ಇಟ್ಟುಕೊಳ್ಳುವ ಹಕ್ಕು ಕೊಟ್ಟಿದೆ. 1976ರಲ್ಲಿ ಸೇರಿದ 39ಎ ವಿಧಿ ಉಚಿತ ಕಾನೂನು ನೆರವಿನ ಮಾತನಾಡುತ್ತದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಬಂಧನದಲ್ಲಿರುವವರು ಮೊದಲಾದವರು ಆ ನೆರವಿಗೆ ಅರ್ಹರು. ಆದರೂ ಊರನ್ನು ಕೆರಳಿಸಿದ ಅಪರಾಧ ನಡೆದಾಗ ‘ಇವನ ಪರ ಯಾರೂ ವಾದಿಸಬಾರದು’ ಎಂದು ವಕೀಲರ ಸಂಘಗಳೇ ನಿರ್ಣಯ ಮಾಡುವುದುಂಟು. ಕೊಯಮತ್ತೂರಿನಲ್ಲಿ ವಕೀಲರಿಗೂ ಪೊಲೀಸರಿಗೂ ನಡೆದ ಘರ್ಷಣೆಯ ನಂತರ ಇಂಥ ನಿರ್ಣಯವಾದಾಗ, 2010ರಲ್ಲಿ ಸುಪ್ರೀಂ ಕೋರ್ಟ್ ಇವು ಸಂವಿಧಾನಕ್ಕೂ ವೃತ್ತಿಧರ್ಮಕ್ಕೂ ವಿರುದ್ಧವೆಂದು ಸ್ಪಷ್ಟವಾಗಿ ಹೇಳಿತು. ಅಪರಾಧ ಎಷ್ಟು ಘೋರವಾಗಿದ್ದರೂ ತೊಟ್ಟಿಲ ಕೆಳಗೆ ನೋಡಿಯೇ ಕೊಡ ಎತ್ತಬೇಕು ಎಂಬುದು ಆ ಮಾತಿನ ಸಾರ.

ಮನೆಯೊಳಗಿನ ನ್ಯಾಯಾಲಯ

ಹೈಸ್ಕೂಲು ದಾಟಿದ, ಇಂಗ್ಲಿಷ್ ಓದಿನ ರೂಢಿ ಮಾಡಿಕೊಳ್ಳುತ್ತಿರುವ ಮಕ್ಕಳಿಗೆ ಈ ಕಾದಂಬರಿ ಒಳ್ಳೆಯ ಆಯ್ಕೆ. ವಾಕ್ಯಗಳು ಚಿಕ್ಕವು, ಹಾಸ್ಯ ಧಾರಾಳ. ಕೊಲೆಯ ಕಥೆಯಾದ್ದರಿಂದ ತಂದೆತಾಯಿ ತಾವೊಮ್ಮೆ ಓದಿ ಕೊಡುವುದು ಮೇಲು. ಓದಿ ಮುಗಿಸಿದ ಮೇಲೆ ಊಟದ ಹೊತ್ತಿನಲ್ಲಿ ಒಂದು ಆಟ ಆಡಬಹುದು: ಒಬ್ಬರು ಸರ್ಕಾರಿ ವಕೀಲರಾಗಿ ರಿಚರ್ಡನ ವಿರುದ್ಧ, ಇನ್ನೊಬ್ಬರು ಪರವಾಗಿ ವಾದಿಸುವುದು. ಮಗುವಿಗೆ ತನಗೆ ಒಪ್ಪಿಗೆಯಿಲ್ಲದ ಪಕ್ಷವನ್ನೇ ಕೊಟ್ಟು ನೋಡಿ. ಎದುರಾಳಿಯ ಮಾತಿನಲ್ಲೂ ಹುರುಳಿರಬಹುದೆಂದು ತಿಳಿಯಲು ಇದಕ್ಕಿಂತ ಸುಲಭದ ಶಾಲೆ ಇಲ್ಲ.

ಇನ್ನೊಂದು ಮಾತು ಹಿರಿಯರಿಗೆ. ಪ್ರತಿ ಮನೆಯೂ ದಿನಕ್ಕೊಮ್ಮೆಯಾದರೂ ನ್ಯಾಯಾಲಯವಾಗುತ್ತದೆ. ಅಂಕಪಟ್ಟಿ ಬಂದ ದಿನ, ಮೇಷ್ಟರಿಂದ ದೂರು ಬಂದ ದಿನ, ತಂಗಿ ಅಳುತ್ತಾ ಬಂದು ಅಣ್ಣ ಹೊಡೆದನೆಂದು ಹೇಳಿದ ದಿನ. ಅಲ್ಲಿ ಪೊಲೀಸರು, ಸರ್ಕಾರಿ ವಕೀಲರು, ನ್ಯಾಯಾಧೀಶರು ಎಲ್ಲರೂ ಅಪ್ಪ ಅಮ್ಮನೇ. ಆರೋಪಿಯ ವಕೀಲನ ಕುರ್ಚಿ ಮಾತ್ರ ಸಾಮಾನ್ಯವಾಗಿ ಖಾಲಿ. ಅಜ್ಜಿಯೋ ತಾತನೋ ಇದ್ದ ಮನೆಗಳಲ್ಲಿ ಆ ಕುರ್ಚಿ ಹೇಗೋ ಭರ್ತಿಯಾಗುತ್ತದೆ. ಇಲ್ಲದ ಮನೆಗಳಲ್ಲಿ ಹೆತ್ತವರಲ್ಲೊಬ್ಬರು ಐದು ನಿಮಿಷದ ಮಟ್ಟಿಗಾದರೂ ಆ ಕಡೆ ಹೋಗಿ ಕೂತು, ‘ಏನಾಯಿತು, ಮೊದಲಿನಿಂದ ಹೇಳು’ ಎಂದು ಕೇಳಬೇಕು. ತಪ್ಪು ನಡೆದಿದ್ದರೆ ಶಿಕ್ಷೆ ಆಮೇಲೆಯೂ ಕೊಡಬಹುದು. ತನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡವರಿಂದ ಬಂದ ಶಿಕ್ಷೆಯನ್ನು ಮಕ್ಕಳು ಹೆಚ್ಚು ಗೊಣಗದೆ ಒಪ್ಪುತ್ತಾರೆ.